ಹೊಂಗೆ ಮರದಡಿಯ ಗಿಲಕಿ

ಮೈಸೂರು
8 ಜುಲೈ 2024

ಅಮ್ಮಾ,

ನಿನ್ನ ಕಾಗದ ಆಫೀಸಿಗೆ ಬಂತು. ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ‘ತಿಪ್ಪಿಗೆ’ ಅಂತ ಬರೆಯಬೇಡ ಅಂತ ಎಷ್ಟು ಸಲ ಹೇಳಲಿ? ನಮ್ಮ ಸಿದ್ದಾರ್ಥ ಸರ್ ಅದನ್ನು ಕೈಯಲ್ಲಿ ಹಿಡಿದು, ಈ ಹೆಸರಿನವರು ನಮ್ಮಲ್ಲಿ ಯಾರಿದ್ದಾರೆ ಅಂತ ಒಬ್ಬೊಬ್ಬರ ಮೇಜಿನ ಹತ್ತಿರವೂ ಹೋಗಿ ಕೇಳಿದರು. ಉಷಾರಾಣಿ ಅಂತ ಒಳ್ಳೆಯ ಹೆಸರಿಟ್ಟು, ಮನೆಯಲ್ಲಿ ಮಾತ್ರ ತಿಪ್ಪೆಯ ಹೆಸರು ಹಿಡಿದು ಕರೆಯುವ ತಾಯಿ ನೀನೊಬ್ಬಳೇ ಇರಬೇಕು. ಕಿವಿಗೆ ಮಷಿನ್ ಹಾಕಿಕೊಂಡಿದ್ದರೆ ಜಗಳ ಫೋನಿನಲ್ಲೇ ಮುಗಿಯುತ್ತಿತ್ತು. ನೀನು ಅದನ್ನು ಬೀರುವಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯ.

ಮಗಳ ಕೆಲಸ ಏನು ಅಂತ ಪಕ್ಕದ ಮನೆಯವರು ಕೇಳಿದರೆ ಹೇಳಲು ಬರುವುದಿಲ್ಲ ಅಂತ ಬರೆದಿದ್ದೀಯ. ನೆಲದ ಜಾತಕ ನೋಡುವ ಕೆಲಸ ಅಂತ ಹೇಳು. ದೊಡ್ಡ ಕಂಪನಿಯವರಿಗೆ ಜಾಗ ಕೊಳ್ಳುವ ಮುಂಚೆ ಅಲ್ಲಿ ಹಿಂದೆ ಏನಿತ್ತು, ಯಾರಾದರೂ ಎಣ್ಣೆಯನ್ನೋ ವಿಷವನ್ನೋ ಚೆಲ್ಲಿ ಹೋಗಿದ್ದಾರಾ ಅಂತ ತಿಳಿಯಬೇಕು. ನಾವು ಜಾಗ ಸುತ್ತಿ ನೋಡುತ್ತೇವೆ, ಹಳೇ ದಾಖಲೆ ತೆಗೆಸುತ್ತೇವೆ, ಸುತ್ತಮುತ್ತಲ ಹಿರಿಯರನ್ನು ಮಾತಾಡಿಸುತ್ತೇವೆ. ಅನುಮಾನ ಬಂದರೆ ಮಾತ್ರ ಮಣ್ಣು ಕೊರೆದು ಪರೀಕ್ಷೆಗೆ ಕಳಿಸುವುದು. ಇಲ್ಲದಿದ್ದರೆ ಒಂದು ಸಹಿ, ಅವರು ರಿಜಿಸ್ಟರ್ ಮಾಡಿಸಿಕೊಳ್ಳುತ್ತಾರೆ.

ಈಗ ನೋಡುತ್ತಿರುವುದು ಹುಣಸೂರು ದಾಟಿ ಪಿರಿಯಾಪಟ್ಟಣದ ರಸ್ತೆಯಲ್ಲಿರುವ ಒಂದು ಹಳೇ ಮರದ ಡಿಪೊ. ಮುಚ್ಚಿ ಬಹಳ ವರ್ಷ ಆಗಿದೆ. ನಡೆಸುತ್ತಿದ್ದವರು ಪುಟ್ಟಮಲ್ಲಪ್ಪ ಅಂತ. ಅವರು ತೀರಿಕೊಂಡು ಈಗ ಮಗ ಸೋಮಶೇಖರ್ ಮಾರುತ್ತಿದ್ದಾರೆ. ಕೊಳ್ಳುವವರು ಗಾರ್ಮೆಂಟ್ಸ್‌ನವರು. ಕೆಲಸಕ್ಕೆ ಬರುವವರೆಲ್ಲ ಹೆಂಗಸರೇ ಆದ್ದರಿಂದ, ಅವರ ಎಳೆ ಮಕ್ಕಳನ್ನು ಹಗಲು ನೋಡಿಕೊಳ್ಳಲು ಒಂದು ಮನೆಯನ್ನೂ ಕಟ್ಟುತ್ತಾರೆ. ನಕ್ಷೆಯಲ್ಲಿ ಅದನ್ನು ಹಿಂದಿನ ಗೋಡೆಯ ಹತ್ತಿರ, ಒಂದು ಹಳೇ ಮರದ ನೆರಳಿನಲ್ಲಿ ಗುರುತು ಮಾಡಿದ್ದಾರೆ. ಆಟದ ಅಂಗಳ, ಕುಡಿಯುವ ನೀರಿಗೆ ಬೋರ್‌ವೆಲ್ ಎಲ್ಲ ಅಲ್ಲೇ.

ಆ ಮರಕ್ಕೆ ದೆವ್ವ ಇದೆಯಂತೆ. ಬುಡದಲ್ಲಿ ಮಕ್ಕಳು ಆಡುವ ಗಿಲಕಿಗಳು ಬಿದ್ದಿವೆ. ಮರದ್ದು, ಪ್ಲಾಸ್ಟಿಕ್ಕಿನದು, ಬಣ್ಣ ಹೋಗಿ ಬೆಳ್ಳಗಾದದ್ದು. ಕಾವಲುಗಾರ ನಂಜುಂಡ ಮುಟ್ಟಲು ಬಿಡಲಿಲ್ಲ. “ಕೂಸ ಕಳ್ಕೊಂಡೋಳು ಕಣಕ್ಕ. ವರ್ಸಕ್ಕೊಂದ್ಸಲ ಬತ್ತಾಳೆ, ಮಡಗಿ ಓಯ್ತಾಳೆ. ನಾವು ಅವ್ಳ ತಂಟೆಗೋಗಲ್ಲ, ಅವ್ಳೂ ನಮ್ ತಂಟೆಗ್ ಬರಾಕಿಲ್ಲ” ಅಂದ. ನನ್ನ ವರದಿಯಲ್ಲಿ ದೆವ್ವಕ್ಕೆ ಕಾಲಂ ಇಲ್ಲ ಅಂತ ಹೇಳಿ ನಕ್ಕೆ. ಅವನು ನಗಲಿಲ್ಲ.

ಅಪ್ಪ ಮೊದಲು ಹುಣಸೂರಿನಲ್ಲಿ ಯಾವುದೋ ಡಿಪೊದಲ್ಲಿದ್ದರು ಅನ್ನುತ್ತಿದ್ದೆಯಲ್ಲ. ಪುಟ್ಟಮಲ್ಲಪ್ಪ ಅನ್ನುವ ಹೆಸರು ಕೇಳಿದ್ದೀಯಾ?

ನಿನ್ನ
ಉಷಾರಾಣಿ (ಇದೇ ಹೆಸರು ಬರೆ)


ಕೃಷ್ಣರಾಜನಗರ
19 ಜುಲೈ 2024

ತಿಪ್ಪಿಗೆ ಅಮ್ಮನ ಆಶೀರ್ವಾದ.

ಲಕೋಟೆಯ ಮೇಲೆ ನೀನು ಹೇಳಿದ ಹಾಗೇ ಬರೆದಿದ್ದೇನೆ. ಒಳಗೆ ನನ್ನ ಇಷ್ಟ.

ಹೊಳೆ ತುಂಬಿ ಹರಿಯುತ್ತಿದೆ. ಚುಂಚನಕಟ್ಟೆಗೆ ನೀರು ನೋಡಲು ಜನ ಟೆಂಪೊ ಮಾಡಿಕೊಂಡು ಹೋಗುತ್ತಿದ್ದಾರೆ. ನನ್ನನ್ನೂ ಕರೆದರು, ಹೋಗಲಿಲ್ಲ. ಹಳೇ ಅಂಗನವಾಡಿಗೆ ಹೊಸ ಟೀಚರ್ ಬಂದಿದ್ದಾಳೆ. ಒಳ್ಳೆಯ ಹುಡುಗಿ, ಆದರೆ ಮಕ್ಕಳನ್ನು ಅಂಗಳಕ್ಕೆ ಬಿಡುವುದಿಲ್ಲ, ಬಟ್ಟೆ ಕೊಳೆಯಾಗುತ್ತೆ ಅಂತಾಳೆ. ರಿಟೈರ್ ಆದವಳು ಬಾಯಿ ಹಾಕಬಾರದು ಅಂತ ಸುಮ್ಮನಿದ್ದೇನೆ.

ಸೆಖೆಗೆ ಬೆನ್ನಿನ ಕಲೆ ಕಡಿಯುತ್ತಿತ್ತಲ್ಲ, ಈಗ ಹೇಗಿದೆ? ಕೊಬ್ಬರಿ ಎಣ್ಣೆ ಹಚ್ಚುವುದು ಬಿಡಬೇಡ. ಅಂಗಡಿಯ ಕ್ರೀಮು ಬೇಡ.

ನಿಮ್ಮಪ್ಪ ಎಲ್ಲೆಲ್ಲೋ ಕೆಲಸ ಮಾಡಿದರು. ಎಲ್ಲ ಹಳೇ ಮಾತು, ಈಗ ಯಾಕೆ. ಆ ಹೊಂಗೆ ಮರದ ಹತ್ತಿರ ಸಂಜೆ ಹೊತ್ತು ಒಬ್ಬಳೇ ನಿಲ್ಲಬೇಡ. ಗಿಲಕಿಗಳನ್ನು ನಿಮ್ಮವರು ತೆಗೆದು ಎಸೆದುಬಿಟ್ಟರಾ?

ಅಮ್ಮ


ಮೈಸೂರು
31 ಜುಲೈ 2024

ಅಮ್ಮಾ,

ನಾನು ಬರೆದದ್ದು ‘ಒಂದು ಹಳೇ ಮರ’ ಅಂತ. ಹೊಂಗೆ ಅಂತ ಬರೆದಿರಲಿಲ್ಲ. ಅದು ಹೊಂಗೆ ಮರವೇ.

ನಿನ್ನ ಕಾಗದ ಓದಿದ ಮೇಲೆ ಮತ್ತೆ ಅಲ್ಲಿಗೆ ಹೋದೆ. ಗಿಲಕಿಗಳು ಹಾಗೇ ಇವೆ, ಯಾರೂ ಮುಟ್ಟಿಲ್ಲ. ಗೋಡೆಯ ಮೂಲೆಯಲ್ಲಿ ಒಂದು ಕಂಬದ ತುಂಡು ಸಿಕ್ಕಿತು. ಅಷ್ಟು ವರ್ಷ ಮಣ್ಣಿನಲ್ಲಿ ಬಿದ್ದಿದ್ದರೂ ಗೆದ್ದಲು ಹಿಡಿದಿಲ್ಲ, ಬಣ್ಣ ಹಸಿರು. ಹಿಂದೆ ಕರೆಂಟಿನ ಕಂಬಕ್ಕೆ ಹುಳ ಹಿಡಿಯಬಾರದು ಅಂತ ನೀಲಗಿರಿ ಮರವನ್ನು ಔಷಧಿಯ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ಔಷಧಿ ಅಂದರೆ ಬರೀ ವಿಷ, ಇಲಿ ಪಾಷಾಣವೂ ಸೇರಿದ್ದು. ತೊಟ್ಟಿ ಇದ್ದ ಕಡೆ, ಅದರ ಗಸಿ ಸುರಿದ ಕಡೆ ಮಣ್ಣು ಕೆಟ್ಟಿರುತ್ತದೆ. ಆ ವಿಷ ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಸೋಮಶೇಖರ್ ಇಲ್ಲಿ ತೊಟ್ಟಿಯೇ ಇರಲಿಲ್ಲ, ಬರೀ ಸೌದೆ ಪೇರಿಸುತ್ತಿದ್ದರು ಅಂತಾರೆ. ಸುಳ್ಳು ಹೇಳುವ ಮನುಷ್ಯನ ಹಾಗೆ ಕಾಣುವುದಿಲ್ಲ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಓದಿದವರು. ದಾಖಲೆಯಲ್ಲೂ ಸೌದೆ ಡಿಪೊ ಅಂತಲೇ ಇದೆ. ಒಂದು ತುಂಡು ಕಂಬ ಎಲ್ಲಿಂದಲೋ ಬಂದು ಬಿದ್ದಿರಬಹುದು, ಅದಕ್ಕೋಸ್ಕರ ಇಷ್ಟು ದೊಡ್ಡ ಜಾಗವನ್ನೆಲ್ಲ ಕೊರೆಯಲು ಆಗುವುದಿಲ್ಲ, ಎಲ್ಲಿ ಅಂತ ಹೇಳುವವರು ಒಬ್ಬರಾದರೂ ಬೇಕು ಅಂತ ಸಿದ್ದಾರ್ಥ ಸರ್ ಅಂದರು. ಹಳಬರು ಯಾರೂ ಉಳಿದಿಲ್ಲ.

ನೀನು ಅಲ್ಲಿ ಇದ್ದೆಯಾ ಅಮ್ಮ? ತೊಟ್ಟಿ ಎಲ್ಲಿತ್ತು?

ಉಷಾ


ಮೈಸೂರು
21 ಆಗಸ್ಟ್ 2024

ಅಮ್ಮಾ,

ಮೊನ್ನೆ ಭಾನುವಾರ ಬಂದಾಗ ಎರಡು ಸಲ ಕೇಳಿದೆ. ಮೊದಲನೆಯ ಸಲ ನೀನು ಕಿವಿ ತೋರಿಸಿದೆ. ಚೀಟಿಯಲ್ಲಿ ಬರೆದು ಮುಂದೆ ಹಿಡಿದರೆ ಕನ್ನಡಕ ಎಲ್ಲೋ ಇಟ್ಟಿದ್ದೀನಿ ಅಂದೆ. ಕನ್ನಡಕ ನಿನ್ನ ಹಣೆಯ ಮೇಲಿತ್ತು.

ನಗಬೇಕು ಅನ್ನಿಸಿತು, ಆಗಲಿಲ್ಲ. ನೀನು ತಿರುಗಿ ನೋಡದೆ ರೊಟ್ಟಿ ತಟ್ಟುತ್ತಲೇ ಇದ್ದೆ. ನನಗೆ ನಿನ್ನನ್ನು ಹಿಂಸೆ ಮಾಡುವ ಆಸೆ ಇಲ್ಲ. ತಿಂಗಳ ಕೊನೆಗೆ ವರದಿ ಹೋಗಬೇಕು. ಇನ್ನೇನೂ ಸಿಗದಿದ್ದರೆ ‘ಜಾಗ ಸ್ವಚ್ಛ’ ಅಂತ ನಾನೇ ಸಹಿ ಹಾಕಬೇಕು. ಆಮೇಲೆ ಆ ಮರದ ಕೆಳಗೆ ಮಕ್ಕಳ ಮನೆ ಏಳುತ್ತದೆ. ಅಷ್ಟೇ ಹೇಳುವುದಿದ್ದದ್ದು.

ಉಷಾ


ಕೃಷ್ಣರಾಜನಗರ
27 ಆಗಸ್ಟ್ 2024

ತಿಪ್ಪಿ,

ಮೊದಲು ಕೆಲಸದ ಮಾತು. ತೊಟ್ಟಿ ಇದ್ದದ್ದು ಹೊಂಗೆ ಮರಕ್ಕೂ ಬಾವಿಗೂ ನಡುವೆ. ಉದ್ದಕ್ಕೆ ಚರಂಡಿಯ ಹಾಗೆ ಕಟ್ಟಿದ್ದರು. ಕಂಬ ಎತ್ತಿದಾಗ ಸೋರಿದ್ದೆಲ್ಲ ಬಾವಿಯ ಕಡೆಗೇ ಹರಿಯುತ್ತಿತ್ತು. ವರ್ಷಕ್ಕೊಮ್ಮೆ ತೊಟ್ಟಿ ತೊಳೆದು, ತಳದ ಗಸಿ, ಮರದ ಹೊಟ್ಟು, ತೊಗಟೆ ಎಲ್ಲವನ್ನೂ ಮರದ ಪಕ್ಕ ಗುಡ್ಡೆ ಹಾಕುತ್ತಿದ್ದರು. ಡಿಪೊ ಮುಚ್ಚುವಾಗ ಪುಟ್ಟಮಲ್ಲಪ್ಪನವರು ತೊಟ್ಟಿಗೆ ಕಲ್ಲು ತುಂಬಿಸಿ, ಗುಡ್ಡೆಯನ್ನು ಸಮ ಮಾಡಿಸಿದರಂತೆ. ಅವರೂ ಕೆಟ್ಟವರಲ್ಲ. ಅದು ವಿಷ ಅಂತ ಆಗ ಯಾರೂ ಹೇಳಲಿಲ್ಲ. ನಿಮ್ಮಪ್ಪ ಆ ತೊಟ್ಟಿಯ ಮೇಸ್ತ್ರಿ. ಅವರ ಬೆರಳ ಸಂದಿಯಲ್ಲಿ ಸದಾ ಹುಣ್ಣು, ಉಗುರು ಹಸಿರು. ಊಟಕ್ಕೆ ಕೂತಾಗ ಕೈ ಮುಚ್ಚಿಟ್ಟುಕೊಳ್ಳುತ್ತಿದ್ದರು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ನೀನು ಕೇಳುತ್ತೀಯ. ಹೇಳಿದರೆ ನೀನು ಅಗೆಸುತ್ತೀಯ. ಅಲ್ಲಿ ನಿನ್ನ ಅಣ್ಣ, ಅಕ್ಕ ಇದ್ದಾರೆ.

ನಿನ್ನ ಮುಂಚೆ ಇಬ್ಬರು ಆಗಿ ಹೋದರು ಅಂತ ಮಾತ್ರ ನಿನಗೆ ಗೊತ್ತು. ಮದುವೆಯಾಗಿ ಬಂದವಳು ಡಿಪೊದ ಕೆಲಸಗಾರರ ಲೈನ್ ಮನೆಯಲ್ಲೇ ಸಂಸಾರ ಹೂಡಿದ್ದೆ. ಮೊದಲನೆಯವನು ಕೂತುಕೊಳ್ಳುವುದು ಕಲಿತಿದ್ದ. ಗಿಲಕಿ ಅಲ್ಲಾಡಿಸಿ ತಾನೇ ಬೆಚ್ಚಿ ನಗುತ್ತಿದ್ದ. ರಾಗಿ ಸರಿ ಶುರು ಮಾಡಿದ ಮೇಲೆ ವಾಂತಿ ಭೇದಿ ಹತ್ತಿ ಇಳಿದುಹೋದ. ಎರಡನೆಯದು ಹೆಣ್ಣು. ಅವಳಿಗೆ ಎದೆಹಾಲು ಸಾಲದೆ ಮೇಲಿನ ಹಾಲಿಗೆ ನೀರು ಬೆರೆಸಿ ಹಾಕುತ್ತಿದ್ದೆ, ಹಾಗೇ ಹೋದಳು. ದೃಷ್ಟಿ ಅಂದರು, ಬಾಲಗ್ರಹ ಅಂದರು. ನಾನು ಕೊಳಕಿ ಅಂತಲೂ ಒಬ್ಬರು ಅಂದರು. ಅದು ಮಾತ್ರ ಸುಳ್ಳು. ಬಾವಿ ನೀರನ್ನು ಕುದಿಸದೆ ಒಂದು ಹನಿ ಕೊಟ್ಟವಳಲ್ಲ ನಾನು. ಒಂದು ಸಲ ಅಲ್ಲ, ಮರಳಿ ಮರಳಿ ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತಿದ್ದೆ.

ನಮ್ಮಲ್ಲಿ ಹೂಳುವುದು. ಎಳೆ ಕೂಸನ್ನು ಸ್ಮಶಾನಕ್ಕೆ ಒಯ್ಯುವುದಿಲ್ಲ, ಮನೆಯ ಹತ್ತಿರವೇ ಮರದ ಬುಡದಲ್ಲಿ ಇಡುತ್ತಾರೆ. ಕಲ್ಲು ನೆಡುವುದಿಲ್ಲ. ಹೆಂಗಸರು ಹೋಗುವಂತಿಲ್ಲ. ಲೈನ್ ಮನೆಯ ಕಿಟಕಿಯಿಂದ ನೋಡಿದೆ. ಆ ಗುಡ್ಡೆಯ ಅಂಚಿನಲ್ಲಿ ಮಣ್ಣು ಮೆತ್ತಗಿರುತ್ತೆ ಅಂತ ಅಲ್ಲೇ ಅಗೆದರು.

ಮೂರನೆಯದು ನೀನು. ನೀನು ಹುಟ್ಟಿದಾಗ ಪಕ್ಕದ ಲೈನ್ ಮನೆಯ ಪುಟ್ಟಸಿದ್ದಮ್ಮ, “ಇದ ತಿಪ್ಪೆಗಾಕಿ ಕೊಂಡ್ಕಳವ್ವ. ಜವರಾಯ ಬಂದ್ ನೋಡುದ್ರೆ ಕಸ ಅನ್ಕಂಡ್ ಒಂಟೋಗ್ಬೇಕು” ಅಂದಳು. ಮಕ್ಕಳು ನಿಲ್ಲದ ಮನೆಯಲ್ಲಿ ಎಲ್ಲರೂ ಮಾಡುವುದೇ. ಡಿಪೊದಲ್ಲಿ ದನ ಇರಲಿಲ್ಲ, ಸಗಣಿ ತಿಪ್ಪೆ ಎಲ್ಲಿಂದ ಬರಬೇಕು? ನಮಗೆಲ್ಲ ತಿಪ್ಪೆ ಅಂದರೆ ಆ ಗುಡ್ಡೆಯೇ. ಹಿಂದಿನ ದಿನ ಮಳೆ ಬಂದಿತ್ತು. ನಿನ್ನನ್ನು ಬರಿಮೈಯಲ್ಲಿ ಅದರ ಮೇಲೆ ಮಲಗಿಸಿದೆವು. ಪುಟ್ಟಸಿದ್ದಮ್ಮ ಎತ್ತಿಕೊಂಡಳು. ನಾನು ಒಂದು ಮೊರ ತೌಡು ಕೊಟ್ಟು ಅವಳಿಂದ ನಿನ್ನನ್ನು ಕೊಂಡುಕೊಂಡೆ. ತಿಪ್ಪಿ ಅಂತ ಕೂಗಿದೆವು.

ಸಂಜೆಗೆ ನಿನ್ನ ಬೆನ್ನು ಕೆಂಪಾಗಿ ಬೊಬ್ಬೆ ಬಂತು. ನೀನು ಅತ್ತ ಅಳು ನಿಮ್ಮಪ್ಪನಿಗೆ ತಡೆಯಲಾಗಲಿಲ್ಲ, ನನ್ನನ್ನೂ ನಿನ್ನನ್ನೂ ಇಲ್ಲಿಗೆ, ನನ್ನ ತವರಿಗೆ ತಂದು ಬಿಟ್ಟರು. ಗಾಯ ಮಾಯುವುದು ಬಹಳ ದಿನ ಹಿಡಿಯಿತು. ಆಮೇಲೆ ಇಲ್ಲಿಯ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ನಾನು ಹಿಂದಕ್ಕೆ ಹೋಗಲೇ ಇಲ್ಲ. ಅಪ್ಪ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನೀನು ಉಳಿದೆ. ತಿಪ್ಪೆ ನಿನ್ನನ್ನು ಉಳಿಸಿತು. ಅದಕ್ಕೇ ಆ ಹೆಸರು ಬಿಡಲು ನನಗೆ ಇವತ್ತಿಗೂ ಧೈರ್ಯ ಸಾಲದು.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಹಾಲು ಕುಡಿಯುವ ಮಕ್ಕಳು ಹಿರಿಯರಾ? ಅವರಿಗೆ ಯಾರೂ ಇಡುವುದಿಲ್ಲ. ಹಬ್ಬದ ಮಾರನೆಯ ದಿನ ನಾನು ಹುಣಸೂರು ಬಸ್ಸು ಹತ್ತುತ್ತೇನೆ. ಗೋಡೆ ಬಿದ್ದ ಕಡೆ ದಾಟಿ, ಗಿಲಕಿ ಇಟ್ಟು ಬರುತ್ತೇನೆ. ನಂಜುಂಡನಿಗೆ ಹೇಳು, ಅವನ ದೆವ್ವ ಈಗೀಗ ಟಿಕೆಟ್ ಇಲ್ಲದೆ ಸರ್ಕಾರಿ ಬಸ್ಸಿನಲ್ಲಿ ಬರುತ್ತದೆ ಅಂತ.

ಇನ್ನೊಂದು. ನನಗೆ ಫೋನು ಕೇಳಿಸುವುದಿಲ್ಲ, ಕುಕ್ಕರ್ ಸೀಟಿ ಕೇಳಿಸುವುದಿಲ್ಲ. ಕಿವಿ ಮಂದವಾದ ಮೇಲೆ ಆ ಗಿಲಕಿ ಸದ್ದು ಮಾತ್ರ ಕೇಳಿಸುತ್ತದೆ. ಒಳಗೆಲ್ಲೋ, ಹಗಲೆಲ್ಲ. ಮಷಿನ್ ಹಾಕಿಕೊಂಡರೆ ಬೇರೆಲ್ಲ ಕೇಳಿಸಿ ಅದು ನಿಂತುಹೋಗುತ್ತದೆ. ಅದಕ್ಕೇ ಬೀರುವಿನಲ್ಲಿಟ್ಟಿದ್ದೇನೆ.

ಹೇಳಬಾರದು ಅಂತಲೇ ಇದ್ದೆ. ಅಲ್ಲಿ ಮಕ್ಕಳ ಮನೆ ಕಟ್ಟುತ್ತಾರೆ ಅಂದೆ ನೀನು. ಇಷ್ಟು ವರ್ಷದಲ್ಲಿ ಮಣ್ಣು ತಿನ್ನದ ಮಗುವನ್ನು ನಾನು ನೋಡಿಲ್ಲ. ಇನ್ನು ನಿನ್ನ ಇಷ್ಟ. ಆದಷ್ಟು ಮೆಲ್ಲಗೆ ಅಗೆಯಲು ಹೇಳು.

ಅಮ್ಮ


ಮೈಸೂರು
10 ಅಕ್ಟೋಬರ್ 2024

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಕೈ ಬೆನ್ನಿನ ಕಡೆಗೇ ಹೋಗುತ್ತಿತ್ತು. ಕನ್ನಡಿಗೆ ಬೆನ್ನು ತಿರುಗಿಸಿ ಆ ಕಲೆಯನ್ನು ನೋಡಿಕೊಂಡೆ. ನಾನು ಚಿಕ್ಕವಳಿದ್ದಾಗ ಇದು ದೇವರು ಬೆನ್ನು ತಟ್ಟಿದ ಗುರುತು ಅಂತ ನೀನು ಹೇಳುತ್ತಿದ್ದೆ. ನಾನು ಎಲ್ಲ ನೆಲದಲ್ಲೂ ಇಂಥದ್ದನ್ನು ಹುಡುಕುತ್ತಾ ತಿರುಗಿದೆ, ಅದು ನನ್ನ ಮೈಮೇಲೆಯೇ ಇತ್ತು.

ನಿನ್ನ ಕಾಗದವನ್ನು ಸಿದ್ದಾರ್ಥ ಸರ್‌ಗೆ ಓದಿ ಹೇಳಿದೆ. ಮಾರುವ ಜಾಗದಲ್ಲಿ ನನ್ನ ಮನೆಯವರನ್ನೇ ಹೂತಿರುವಾಗ ಸಹಿ ಹಾಕುವುದು ಸರಿಯಲ್ಲ ಅಂತ ನಾನೇ ಕೆಲಸ ಬಿಟ್ಟುಕೊಟ್ಟೆ. ಈಗ ಅವರೇ ನೋಡುತ್ತಿದ್ದಾರೆ. ವರದಿಯಲ್ಲಿ ನೀನು ‘ಹಿಂದಿನ ನಿವಾಸಿ, ಮಹಿಳೆ’ ಅಂತ ಇದ್ದೀಯ. ಹೆಸರಿಲ್ಲ. ಅಣ್ಣ ಅಕ್ಕನ ವಿಷಯ ಸೋಮಶೇಖರ್‌ಗೂ ಹೇಳಿದ್ದಾರೆ. ಅವರು, ಏನು ಮಾಡಬೇಕೋ ಮಾಡಿ ಅಂದರಂತೆ.

ನೀನು ಹೇಳಿದ ಕಡೆ ಕೊರೆದರು. ಒಂದಾಳು ಆಳದ ತನಕ ಮಣ್ಣು ಹಸಿರು. ಮೇಲೆ ಕಾಂಕ್ರೀಟು ಹಾಕಿ ಹಾಗೇ ಮುಚ್ಚಿಬಿಡಬಹುದಾ ಅಂತ ಕೇಳಿದೆ, ನಿನಗೋಸ್ಕರ ಕೇಳಿದೆ. ಆಗುವುದಿಲ್ಲವಂತೆ. ವಿಷ ಅಂತರ್ಜಲ ಮುಟ್ಟುತ್ತಿದೆ, ಆ ಮಣ್ಣನ್ನೆಲ್ಲ ತೆಗೆಯಲೇಬೇಕು. ಅದು ತಪ್ಪು ಅಂತ ಹೇಳಲು ನನಗೂ ಬಾಯಿ ಬರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬಂದ ಮೇಲೆ, ಸಂಕ್ರಾಂತಿ ಕಳೆದು ಅಗೆಯುತ್ತಾರೆ. ಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿದ್ದರು.

ನಿನ್ನ ಮಗಳು


ಕೃಷ್ಣರಾಜನಗರ
21 ಅಕ್ಟೋಬರ್ 2024

ತಿಪ್ಪಿಗೆ,

ಈ ವರ್ಷ ಹಬ್ಬ ಆದ ಮೇಲೆ ಬಸ್ಸು ಹತ್ತಲಿಲ್ಲ. ನಿಮ್ಮವರು ಕೊರೆಯುತ್ತಿರಬಹುದು, ಆಗ ಹೋಗಿ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ತಂದಿಟ್ಟ ಗಿಲಕಿ ಗೂಡಿನಲ್ಲೇ ಇದೆ.

ಅಗೆದಾಗ ನನ್ನ ಮಕ್ಕಳದು ಏನೂ ಉಳಿದಿರುವುದಿಲ್ಲ ಅಂತ ಗೊತ್ತು. ಎಳೆ ಮೂಳೆ, ಬೆಣ್ಣೆಯ ಹಾಗೆ ಕರಗಿರುತ್ತದೆ. ಅದಕ್ಕೇ ಒಂದು ಹಿಡಿ ಮಣ್ಣು ಸಾಕು. ಮರದ ಬುಡದ್ದು, ಗೋಡೆಯ ಕಡೆಯದು. ಬಟ್ಟೆಯಲ್ಲಿ ಕಟ್ಟಿ ಕೊಡು, ಇಲ್ಲಿ ಹೊಳೆಗೆ ಬಿಡುತ್ತೇನೆ. ಕಾವೇರಿಗೆ ಹೋದರೆ ಅವರ ಋಣ ಮುಗಿಯುತ್ತದೆ.

ಬಾವಿಯ ನೀರು ಕಳಿಸಿದ್ದರು ಅಂತ ಬರೆದೆ. ಏನು ಬಂತು ಅಂತ ಬರೆಯಲಿಲ್ಲ. ಪರೀಕ್ಷೆಗೆ ಕಳಿಸಿದ ಮೇಲೆ ಏನಾದರೂ ಬಂದೇ ಇರಬೇಕಲ್ಲ. ನನ್ನ ಮಕ್ಕಳು ಹೋದದ್ದು ಆ ನೀರಿನಿಂದಲೇನಾ?

ಅಮ್ಮ


ಮೈಸೂರು
18 ನವೆಂಬರ್ 2024

ಅಮ್ಮಾ,

ಮಣ್ಣು ಕೊಡಲು ಆಗುವುದಿಲ್ಲ. ಒಂದು ಹಿಡಿಯೂ ಆಗುವುದಿಲ್ಲ. ಹೊಳೆಗೆ ಬಿಟ್ಟರೆ ಕೆಳಗಡೆ ಯಾರದೋ ಮನೆಯ ಮಗು ಆ ನೀರನ್ನೇ ಕುಡಿಯುತ್ತದೆ. ಇದನ್ನು ನಿನಗೆ ಬರೆಯಬೇಕಾಗಿ ಬಂತಲ್ಲ ಅಂತ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಸುಳ್ಳು ಹೇಳಿ ಬೇರೆ ಕಡೆಯ ಮಣ್ಣು ಕಟ್ಟಿ ಕೊಡೋಣ ಅಂತಲೂ ಯೋಚಿಸಿದೆ. ನಿನಗೆ ಗೊತ್ತಾಗಿಬಿಡುತ್ತಿತ್ತು.

ಎಲ್ಲಿಗೆ ಒಯ್ಯುತ್ತಾರೆ ಅಂತ ಹೇಳುತ್ತೇನೆ. ದೂರದಲ್ಲಿ ಇಂಥ ಮಣ್ಣಿಗೆ ಅಂತಲೇ ಮಾಡಿದ ಜಾಗ ಇದೆ, ನಾನು ನೋಡಿದ್ದೇನೆ. ದೊಡ್ಡ ಗುಂಡಿಗೆ ಜೇಡಿ ಮೆತ್ತಿ, ಅದರ ಮೇಲೆ ದಪ್ಪ ಹಾಳೆ ಹಾಸಿರುತ್ತಾರೆ. ಮಣ್ಣು ತುಂಬಿದ ಮೇಲೆ ಮೇಲೂ ಹಾಗೇ ಮುಚ್ಚುತ್ತಾರೆ. ಮಳೆಯ ಒಂದು ಹನಿ ಒಳಗೆ ಇಳಿಯುವುದಿಲ್ಲ. ಮೇಲೆ ಹುಲ್ಲು ಬೆಳೆಸುತ್ತಾರೆ. ಅಲ್ಲಿ ಮನೆ ಕಟ್ಟುವಂತಿಲ್ಲ, ರಸ್ತೆ ಮಾಡುವಂತಿಲ್ಲ, ಉಳುವಂತಿಲ್ಲ. ಆ ನೆಲವನ್ನು ಮತ್ತೆ ಯಾರೂ ಯಾವತ್ತೂ ಅಗೆಯುವಂತಿಲ್ಲ ಅಂತ ಕಾನೂನೇ ಇದೆ.

ನೀನು ಇನ್ನೊಂದು ಕೇಳಿದ್ದೀಯ. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಇದು. ತಿಪ್ಪೆ ನನ್ನನ್ನು ಉಳಿಸಿತು ಅಂತ ನೀನು ಹೇಳಿದ್ದು ನಿಜ. ಓದಿದವಳಾಗಿ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಬೆನ್ನು ಸುಡದಿದ್ದರೆ ಅಪ್ಪ ನಮ್ಮನ್ನು ಅಲ್ಲಿಂದ ಕರೆತರುತ್ತಿರಲಿಲ್ಲ. ನೀನು ಒಂದು ಮೊರ ತೌಡಿಗೆ ಕೊಂಡ ಜೀವ ಇದು.

ಅಗೆಯುವ ದಿನ ನಾನು ಅಲ್ಲಿಗೆ ಬರುವಂತಿಲ್ಲ, ಕೆಲಸ ಬಿಟ್ಟುಕೊಟ್ಟಿದ್ದೇನೆ. ನೀನು ಬರಬಹುದು. ಸಿದ್ದಾರ್ಥ ಸರ್ ಇರುತ್ತಾರೆ. ಫೆಬ್ರವರಿ ಮೊದಲ ವಾರ ಅಂತ ಇದೆ, ದಿನ ಗೊತ್ತಾದ ಮೇಲೆ ತಿಳಿಸುತ್ತೇನೆ.

ತಿಪ್ಪಿ


ಕೃಷ್ಣರಾಜನಗರ
9 ಫೆಬ್ರವರಿ 2025

ತಿಪ್ಪಿಗೆ ಅಮ್ಮನ ಆಶೀರ್ವಾದ.

ಹೋಗಿ ಬಂದೆ. ಮಾರನೆಯ ದಿನವೆಲ್ಲ ಮಲಗಿದ್ದೆ, ಇವತ್ತು ಎದ್ದು ಬರೆಯುತ್ತಿದ್ದೇನೆ.

ಈ ಸಲ ಮುಂದಿನ ಗೇಟಿನಿಂದಲೇ ಹೋದೆ. ನಂಜುಂಡ ನನ್ನ ಚೀಲದಲ್ಲಿದ್ದ ಗಿಲಕಿಯನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಟವೆಲಿನಿಂದ ಕುರ್ಚಿ ಒರೆಸಿ ಹಾಕಿಕೊಟ್ಟ. ಏನೋ ಅಂದ, ಕೇಳಿಸಲಿಲ್ಲ. ಮತ್ತೆ ಕಿವಿಯ ಹತ್ತಿರ ಬಂದು, “ಇಷ್ಟ್ ವರ್ಸ ನಿಮ್ಗೇ ಎದ್ರುಕೊಂಡಿದ್ದೆ, ತೆಪ್ಪಾಯ್ತು ಕಣವ್ವ” ಅಂದ. ಅವನು ಹೆದರಿದ್ದಕ್ಕೇ ಗಿಲಕಿಗಳು ಉಳಿದವು ಅಂತ ಹೇಳಿದೆ.

ಮೊದಲು ಮರ ಕಡಿದರು. ಬೇರಿನ ತನಕ ಹಸಿರಂತೆ. ಆಮೇಲೆ ಜೆಸಿಬಿ ತಂದರು. ನೀನು ಹೇಳಿರಬೇಕು, ಗೋಡೆಯ ಕಡೆಗೆ ಬಂದಾಗ ಅದನ್ನು ನಿಲ್ಲಿಸಿ, ಬಿಳಿ ಅಂಗಿಯ ಇಬ್ಬರು ಸಲಿಕೆಯಲ್ಲಿ ಮೆಲ್ಲಗೆ ತೆಗೆದರು. ಮೂಳೆ ಏನೂ ಕಾಣಲಿಲ್ಲ. ನಾನು ನೋಡಿದೆ. ಕಿಟಕಿಯಿಂದ ಅಲ್ಲ, ಎದುರಿಗೇ ನಿಂತು ನೋಡಿದೆ.

ಮಣ್ಣು ತುಂಬಿದ ಲಾರಿ ಗೇಟು ದಾಟುವ ಮುಂಚೆ ಅದರ ಚಕ್ರಗಳನ್ನೆಲ್ಲ ನೀರು ಬಿಟ್ಟು ತೊಳೆದರು, ರಸ್ತೆಗೆ ವಿಷ ಹತ್ತಬಾರದು ಅಂತ. ನನಗೆ ಬೇರೆ ಥರ ಕಂಡಿತು. ಅವತ್ತು ನನ್ನ ಮಕ್ಕಳನ್ನು ಅವಸರದಲ್ಲಿ ಎತ್ತಿಕೊಂಡು ಹೋಗಿದ್ದರು, ಯಾರೂ ಏನೂ ಶಾಸ್ತ್ರ ಮಾಡಿರಲಿಲ್ಲ. ಟಾರ್ಪಾಲು ಕಟ್ಟುವಾಗ ನಂಜುಂಡ ಗಿಲಕಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಣ್ಣಿನ ಮೇಲಿಟ್ಟ. ನಿಮ್ಮ ಸಾಹೇಬರು ನೋಡಿಯೂ ನೋಡದ ಹಾಗೆ ಆ ಕಡೆ ತಿರುಗಿಕೊಂಡರು. ಒಳ್ಳೆಯ ಮನುಷ್ಯ.

ಒಳ್ಳೆಯ ಮನುಷ್ಯ ಅಂತಲೇ ಅವರನ್ನು ಕೇಳಿದೆ. ಇಂಥ ವಿಷ ಸೇರಿದ ನೀರನ್ನು ಚೆನ್ನಾಗಿ ಕುದಿಸಿದರೆ ಹೋಗುತ್ತಾ ಅಂತ. ಯಾರು ಯಾಕೆ ಕೇಳುತ್ತಿದ್ದಾರೆ ಅಂತ ಅವರಿಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ನನಗೆ ಕಿವಿ ಕೇಳದು ಅಂತ ಪಾಪ, ಫೋನಿನಲ್ಲಿ ದೊಡ್ಡ ಅಕ್ಷರ ಮಾಡಿ ಬರೆದು ತೋರಿಸಿದರು. ‘ಹೋಗಲ್ಲ ಅಮ್ಮ. ಕುದಿಸಿದಷ್ಟೂ ವಿಷ ಗಟ್ಟಿಯಾಗುತ್ತೆ.’

ಕನ್ನಡಕ ಹಾಕಿಕೊಂಡೇ ಓದಿದೆ.

ಬಾವಿ ನೀರಿನ ಪರೀಕ್ಷೆಯಲ್ಲಿ ಏನು ಬಂತು ಅಂತ ನೀನು ಯಾಕೆ ಬರೆಯಲಿಲ್ಲ ಅಂತ ಆಗ ಗೊತ್ತಾಯಿತು. ಅವರನ್ನು ಬೈಯಬೇಡ. ಈ ವಿಷಯವನ್ನು ನಾನು ನಿನ್ನ ಹತ್ತಿರ ಇನ್ನು ಎತ್ತುವುದಿಲ್ಲ, ನೀನೂ ಎತ್ತಬೇಡ. ಅಳುವುದಿತ್ತು, ಬಸ್ಸಿನಲ್ಲಿ ಅತ್ತು ಮುಗಿಸಿದೆ. ಪಕ್ಕದಲ್ಲಿ ಕೂತ ಹೆಂಗಸು ಏನೂ ಕೇಳದೆ ಕಡ್ಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದಳು.

ಆ ನೆಲವನ್ನು ಯಾರೂ ಮತ್ತೆ ಅಗೆಯುವಂತಿಲ್ಲ ಅಂತ ಬರೆದಿದ್ದೆಯಲ್ಲ, ಆ ಕಾಗದವನ್ನು ಮತ್ತೆ ತೆಗೆದು ಓದಿದೆ. ನಿಮ್ಮಪ್ಪನ ಸಮಾಧಿಯ ಪಕ್ಕ ರಸ್ತೆ ಬಂದಿದೆ. ನನ್ನದಕ್ಕೆ ಏನು ಬರುತ್ತೋ. ನಮ್ಮ ಮನೆಯಲ್ಲಿ ಅಂಥ ಜಾಗ ಸಿಕ್ಕಿದ್ದು ಆ ಇಬ್ಬರಿಗೇ. ಹೋಗಲಿ, ಮಲಗಲಿ.

ಲಾರಿ ತಿರುವು ದಾಟುವ ತನಕ ಗಿಲಕಿ ಸದ್ದು ಕೇಳಿಸುತ್ತಿತ್ತು. ಆಮೇಲೆ ನಿಂತಿತು. ಇವತ್ತಿನ ತನಕ ಕಾದೆ, ಮತ್ತೆ ಬರಲಿಲ್ಲ. ಮನೆಯಲ್ಲಿ ಒಂದು ಸದ್ದೂ ಇಲ್ಲ, ನನಗೆ ಇದು ಅಭ್ಯಾಸವಿಲ್ಲ.

ಮಷಿನ್ ಬೀರುವಿನಿಂದ ತೆಗೆದಿದ್ದೇನೆ. ಪಕ್ಕದ ಮನೆಯವರು ಹೊಸ ಸೆಲ್ ಹಾಕಿ ಕೊಟ್ಟರು. ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು.

ಅಮ್ಮ